ಮದ್ದಳೆ ಮತ್ತೆ ಕೈಗೆ ಬಂದರೆ ಅಪ್ಪಯ್ಯ ಸರಿಹೋಗುತ್ತಾರಾ?

ಪ್ರಶ್ನೆ: ನಾನು ಮಂಗಳೂರಿನಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೇನೆ. ನಮ್ಮ ಮನೆ ಬ್ರಹ್ಮಾವರದ ಹತ್ತಿರ. ಅಪ್ಪಯ್ಯನಿಗೆ 64 ವರ್ಷ. ಮುಂಬಯಿಯಲ್ಲಿ ಮೂವತ್ತು ವರ್ಷ ಹೋಟೆಲ್ ನಡೆಸಿ ಊರಿಗೆ ಬಂದು ಆರು ವರ್ಷವಾಯಿತು. ಬಂದ ಮೇಲೆ ಊರಿನ ಹವ್ಯಾಸಿ ಯಕ್ಷಗಾನ ಸಂಘದಲ್ಲಿ ಮದ್ದಳೆ ಬಾರಿಸುತ್ತಿದ್ದರು. ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಕೂತು ನಡೆಸುವ ಯಕ್ಷಗಾನ) ಕೂಟ ಅಂದರೆ ಊಟ ಬಿಟ್ಟು ಹೋಗುತ್ತಿದ್ದರು. ಕಳೆದ ವರ್ಷ ಆಸಾಡಿಯಲ್ಲಿ ಅಮ್ಮ ತೀರಿಕೊಂಡರು. ಅವತ್ತಿನಿಂದ ಮದ್ದಳೆ ಚೀಲದಲ್ಲಿ ಕಪಾಟಿನ ಮೇಲಿದೆ. ವರ್ಷಾಂತಿಕ ಮುಗಿದು ನಾಲ್ಕು ತಿಂಗಳಾದರೂ ಇಳಿಸಿಲ್ಲ. ಬೆಳಗಿನ ಜಾವ ಮೂರಕ್ಕೇ ಎದ್ದು ಚಾವಡಿಯಲ್ಲಿ ಕೂರುತ್ತಾರೆ. ಊಟ ಕಮ್ಮಿ, ಹಳೆಯ ಅಂಗಿಗಳೆಲ್ಲ ಜೋತಾಡುತ್ತಿವೆ. ಡಾಕ್ಟರು ಕೊಟ್ಟ ಮಾತ್ರೆ ಹನ್ನೆರಡು ದಿನ ತೆಗೆದುಕೊಂಡು ಬಿಟ್ಟರು. ಒಮ್ಮೆ ಒತ್ತಾಯ ಮಾಡಿ ಕೂಟಕ್ಕೆ ಕರೆದುಕೊಂಡು ಹೋದೆ. ಅರ್ಧ ಗಂಟೆಯಲ್ಲಿ ಎದ್ದು ಬಂದು ಕಾರಿನಲ್ಲಿ ಕೂತು ಅತ್ತರು. ಚಿಕ್ಕಪ್ಪ, 'ಮಾತ್ರೆ ಎಲ್ಲ ಅಭ್ಯಾಸ ಆತ್ತ್, ಮದ್ದಳೆ ಕೈಗೆ ಕೊಟ್ರೆ ಎಲ್ಲ ಸಮ ಆತ್ತ್' ಅನ್ನುತ್ತಾರೆ. ಅತ್ತೆ ಜ್ಯೋತಿಷಿಗಳ ಹತ್ತಿರ ಪ್ರಶ್ನೆ ಇಡಿಸೋಣ ಅನ್ನುತ್ತಾರೆ. ಸಂಗೀತ ಚಿಕಿತ್ಸೆಯಿಂದ ಖಿನ್ನತೆ ಗುಣವಾಗುತ್ತದೆ ಎಂದು ನಾನೂ ಓದಿದ್ದೇನೆ. ಮಾತ್ರೆ ಬೇಕೇ ಬೇಕಾ? ಅವರನ್ನು ಒತ್ತಾಯ ಮಾಡಿದ್ದು ತಪ್ಪಾಯಿತಾ? ಮೊನ್ನೆ 'ನಾನಿದ್ದು ಯಾರಿಗೆ ಏನು' ಅಂದರು. ಅದು ಕೇಳಿದ ಮೇಲೆ ನನಗೆ ನಿದ್ದೆ ಬರುತ್ತಿಲ್ಲ.

ಉತ್ತರ: ನಿಮ್ಮ ಪತ್ರದ ಕೊನೆಯ ಮಾತನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಮದ್ದಳೆಯ ವಿಷಯ ಆಮೇಲೆ.

'ನಾನಿದ್ದು ಯಾರಿಗೆ ಏನು' ಎನ್ನುವುದು ಬೇಜಾರಿನ ಮಾತೂ ಇರಬಹುದು, ಸಾವಿನ ಯೋಚನೆಯೂ ಇರಬಹುದು. ಹೊರಗಿನಿಂದ ಗೊತ್ತಾಗುವುದಿಲ್ಲ. ಕೇಳಿಯೇ ತಿಳಿಯಬೇಕು. ಇಬ್ಬರೇ ಇದ್ದಾಗ ಪಕ್ಕದಲ್ಲಿ ಕೂತು, 'ಅಪ್ಪಯ್ಯ, ಸತ್ತುಹೋದರೆ ಒಳ್ಳೆಯದು ಅಂತ ಅನಿಸುತ್ತದಾ? ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿದೆಯಾ?' ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋಗುತ್ತದೆ ಎಂದು ತುಂಬಾ ಜನ ಹೆದರುತ್ತಾರೆ. ಹಾಗೆ ಆಗುವುದಿಲ್ಲ. ಯಾರಾದರೂ ಕೇಳಿದರಲ್ಲ ಎಂದು ಹೆಚ್ಚಿನವರಿಗೆ ಎದೆ ಹಗುರವಾಗುತ್ತದೆ. 'ಹೌದು' ಅಂದರೆ ಅವರನ್ನು ಒಬ್ಬರೇ ಬಿಡಬೇಡಿ, ಅದೇ ದಿನ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ತೋಟಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಬೇರೆಯವರ ಮನೆಗೆ ಸಾಗಿಸಿ. ರಾತ್ರಿ ಹೊತ್ತು ಏನೂ ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದಿನವಿಡೀ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಈಗ ನೀವು ಕೇಳಿದ ಮುಖ್ಯ ವಿಷಯ.

ನಿಮ್ಮ ಚಿಕ್ಕಪ್ಪ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಆ ಅರ್ಧ ಸತ್ಯ ದೊಡ್ಡದೇ. ಕಲೆ, ಹಾಡು, ನಾಲ್ಕು ಜನರ ಜೊತೆ ಸೇರಿ ಮಾಡುವ ಕೆಲಸ ಇವು ಮನಸ್ಸಿಗೆ ಒಳ್ಳೆಯದು ಎನ್ನುವುದು ಈಗ ಬರೀ ನಂಬಿಕೆಯಾಗಿ ಉಳಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2019ರಲ್ಲಿ ಈ ಬಗ್ಗೆ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟು ಹಾಕಿ ವರದಿ ತಂದಿತು. ಕಾಯಿಲೆ ಬಾರದಂತೆ ತಡೆಯುವುದರಲ್ಲಿಯೂ, ಬಂದ ಮೇಲೆ ಚಿಕಿತ್ಸೆಗೆ ಜೊತೆಯಾಗುವುದರಲ್ಲಿಯೂ ಕಲೆಗೆ ಪಾತ್ರವಿದೆ ಎಂದು ಅದು ಹೇಳಿತು. ನಾನು ಇಲ್ಲಿ ಇಷ್ಟು ವರ್ಷ ನೋಡಿದ್ದೂ ಅದನ್ನೇ. ಭಜನಾ ಮಂದಿರದ ಶನಿವಾರ ತಪ್ಪಿಸದ ಎಷ್ಟೋ ಹೆಂಗಸರು ದೊಡ್ಡ ದೊಡ್ಡ ಪೆಟ್ಟುಗಳನ್ನು ತಡೆದುಕೊಂಡಿದ್ದಾರೆ.

ಆದರೆ 'ಮಾತ್ರೆ ಬಿಟ್ಟು ಮದ್ದಳೆ' ಎನ್ನುವ ಲೆಕ್ಕ ತಪ್ಪು. ನೀವು ಓದಿದ ಸಂಗೀತ ಚಿಕಿತ್ಸೆಯದ್ದೇ ಉದಾಹರಣೆ ಕೊಡುತ್ತೇನೆ. 2011ರಲ್ಲಿ ಫಿನ್ಲೆಂಡಿನಿಂದ ಒಂದು ಅಧ್ಯಯನ ಬಂತು. ಖಿನ್ನತೆಯಿದ್ದ 79 ಜನ ಅದರಲ್ಲಿದ್ದರು. ಎಲ್ಲರಿಗೂ ಮಾಮೂಲಿ ಚಿಕಿತ್ಸೆ ಇತ್ತು, ಕೆಲವರಿಗೆ ಅದರ ಮೇಲೆ ಸಂಗೀತ ಚಿಕಿತ್ಸೆಯೂ ಸಿಕ್ಕಿತು. ಮೂರು ತಿಂಗಳಲ್ಲಿ ಸಂಗೀತ ಸಿಕ್ಕವರು ಜಾಸ್ತಿ ಸುಧಾರಿಸಿದ್ದರು. ಆರು ತಿಂಗಳ ಹೊತ್ತಿಗೆ ಆ ಅಂತರ ಅಷ್ಟು ಸ್ಪಷ್ಟವಾಗಿ ಉಳಿಯಲಿಲ್ಲ. ಇದರಲ್ಲಿ ಎರಡು ವಿಷಯ ಗಮನಿಸಿ. ಯಾರದ್ದೂ ಚಿಕಿತ್ಸೆ ನಿಲ್ಲಿಸಿರಲಿಲ್ಲ. ಮತ್ತೆ, ಸಂಗೀತದ ಗುಣ ಉಳಿಯಬೇಕಾದರೆ ಸಂಗೀತವೂ ಮುಂದುವರಿಯಬೇಕಾಗಬಹುದು. ಇಪ್ಪತ್ತು ದಿನದ ಕೋರ್ಸ್ ಮಾಡಿ ಮುಗಿಸುವಂಥದ್ದಲ್ಲ ಅದು. ಇಲ್ಲಿಯೇ ನಮ್ಮ ಊರಿಗೆ ಒಂದು ಅನುಕೂಲ ಇದೆ. ಮತ್ತೆ ಮತ್ತೆ ಸೇರುವ ಸಂಘ ನಿಮ್ಮ ಊರಲ್ಲೇ ಇದೆ.

ಇನ್ನು ನೀವು ಬರೆದ ಲಕ್ಷಣಗಳು. ಹೆಂಡತಿಯನ್ನು ಕಳೆದುಕೊಂಡವರು ಅಳುತ್ತಾರೆ, ಸುಮ್ಮನಾಗುತ್ತಾರೆ, ವರ್ಷ ಕಳೆದರೂ ಹಬ್ಬದ ದಿನ ಎದೆ ಭಾರವಾಗುತ್ತದೆ. ಅದು ಕಾಯಿಲೆ ಅಲ್ಲ. ಆದರೆ ದಿನಾ ಮೂರು ಗಂಟೆಗೆ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ತೂಕ ಇಳಿಯುವುದು, ಮೊದಲು ಖುಷಿ ಕೊಡುತ್ತಿದ್ದ ಒಂದೂ ಈಗ ಖುಷಿ ಕೊಡದಿರುವುದು, ತಾನಿದ್ದು ಉಪಯೋಗವಿಲ್ಲ ಅನಿಸುವುದು ಇವು ಹದಿನಾರು ತಿಂಗಳಾದ ಮೇಲೂ ಒಟ್ಟಿಗೇ ಇದ್ದರೆ ನಾನು ಅದನ್ನು ಬರೀ ದುಃಖ ಎನ್ನುವುದಿಲ್ಲ. ದುಃಖದೊಳಗೆ ಖಿನ್ನತೆ ಬಂದು ಕೂತಿದೆ ಎಂದು ಅನುಮಾನಿಸುತ್ತೇನೆ. ನೋಡದೆ ಖಚಿತವಾಗಿ ಹೇಳಲು ಬರುವುದಿಲ್ಲ. ನೋಡುವವರು ಥೈರಾಯ್ಡ್, ಬಿ-12, ಸಕ್ಕರೆ, ರಕ್ತಹೀನತೆ ಇಷ್ಟನ್ನಾದರೂ ಪರೀಕ್ಷೆ ಮಾಡಿಸಬೇಕು. 64ರಲ್ಲಿ ತೂಕ ಇಳಿದರೆ ಅದಕ್ಕೆ ಬೇರೆ ಕಾರಣಗಳೂ ಇರುತ್ತವೆ.

ಇದರ ಜೊತೆಗೆ ಒಂದು ಪರೀಕ್ಷೆಯನ್ನು ಸಾಮಾನ್ಯವಾಗಿ ಯಾರೂ ನೆನಪಿಸುವುದಿಲ್ಲ. ಕಿವಿ. ಅಪ್ಪಯ್ಯ ಚಂಡೆಯ ಪಕ್ಕದಲ್ಲಿ ಕೂತು ಬಾರಿಸುತ್ತಿದ್ದವರು. ಚಂಡೆಯ ಪೆಟ್ಟು ಎಷ್ಟು ಜೋರು ಎಂದು ನಿಮಗೇ ಗೊತ್ತು. ವಯಸ್ಸೂ ಆಗಿದೆ. ಕಿವಿ ಸ್ವಲ್ಪ ಮಂದವಾದವರು ಮನೆಯಲ್ಲಿ ಹೇಗೋ ಸುಧಾರಿಸುತ್ತಾರೆ, ಹತ್ತು ಜನ ಮಾತಾಡುವ ಕಡೆ ಸೋಲುತ್ತಾರೆ. ಹಾಡುವ ಭಾಗವತರ ಪದ್ಯದ ಎತ್ತುಗಡೆ ಸರಿಯಾಗಿ ಕೇಳದೆ ಒಮ್ಮೆ ತಾಳ ತಪ್ಪಿದರೆ ಮದ್ದಳೆಗಾರನಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಅವರು 'ನಂಗೆ ಕಿವಿ ಕೇಳುವುದಿಲ್ಲ' ಅನ್ನುವುದಿಲ್ಲ. 'ಮನಸ್ಸಿಲ್ಲ' ಅನ್ನುತ್ತಾರೆ. ಹೀಗೆ ಭಜನೆ ಬಿಟ್ಟಿದ್ದ ಒಬ್ಬರು ಶ್ರವಣ ಸಾಧನ ಹಾಕಿಸಿಕೊಂಡ ಮೇಲೆ ತಾವಾಗಿಯೇ ತಾಳ ಹಿಡಿದು ಹೊರಟದ್ದನ್ನು ನೋಡಿದ್ದೇನೆ. ಸಕ್ಕರೆ ಕಾಯಿಲೆ ಇದ್ದರೆ ಬೆರಳು ಜೋಮು ಹಿಡಿಯುತ್ತದಾ ಎಂದೂ ಕೇಳಿ. ಮದ್ದಳೆಯವರ ಜೀವ ಇರುವುದು ಬೆರಳಲ್ಲಿ.

ಮಾತ್ರೆಯ ವಿಷಯ. ಖಿನ್ನತೆಗೆ ಕೊಡುವ ಮಾತ್ರೆ ಚಟವಾಗುವುದಿಲ್ಲ. ಚಟದ ಭಯ ಇರುವುದು ಕೆಲವು ನಿದ್ದೆ ಮಾತ್ರೆಗಳಿಗೆ, ಅವನ್ನೂ ಇವನ್ನೂ ಜನ ಒಂದೇ ಮಾಡಿಬಿಡುತ್ತಾರೆ. ಖಿನ್ನತೆಯ ಮಾತ್ರೆ ಕೆಲಸ ಶುರುಮಾಡಲು ಎರಡರಿಂದ ನಾಲ್ಕು ವಾರ ಬೇಕು. ಹೊಟ್ಟೆ ತೊಳಸುವುದು, ಚಡಪಡಿಕೆ ಇಂಥ ತೊಂದರೆ ಬರುವುದು ಮಾತ್ರ ಮೊದಲ ವಾರವೇ. ಹನ್ನೆರಡು ದಿನಕ್ಕೆ ಬಿಟ್ಟವರು ತೊಂದರೆಯನ್ನಷ್ಟೇ ಕಂಡು, ಗುಣ ಕಾಣುವ ಮೊದಲೇ ಎದ್ದು ಬಂದಂತೆ. ಇದು ಅವರ ತಪ್ಪಲ್ಲ. ಹೀಗಾಗುತ್ತದೆ ಎಂದು ಕೊಟ್ಟವರು ಕೂತು ಹೇಳಬೇಕಿತ್ತು. ವಯಸ್ಸಾದವರಲ್ಲಿ ಕೆಲವೊಮ್ಮೆ ಈ ಮಾತ್ರೆಯಿಂದ ರಕ್ತದ ಸೋಡಿಯಂ ಇಳಿಯುತ್ತದೆ. ಹಾಗಾಗಿ ಮತ್ತೆ ಶುರು ಮಾಡುವಾಗ ಹಳೆಯ ಚೀಟಿ ಹಿಡಿದು ಅಂಗಡಿಗೆ ಹೋಗದೆ ಡಾಕ್ಟರನ್ನೇ ಕಾಣಿ. ಗುಣವಾದ ಮೇಲೂ ಆರೇಳು ತಿಂಗಳು ಮುಂದುವರಿಸಿ, ಆಮೇಲೆ ನಿಧಾನಕ್ಕೆ ಇಳಿಸುತ್ತಾರೆ. ಖಿನ್ನತೆ ಹಗುರವಾಗಿದ್ದರೆ ಮಾತ್ರೆ ಇಲ್ಲದೆ ಬರೀ ಮಾತಿನ ಚಿಕಿತ್ಸೆಯಲ್ಲೂ ಸರಿಯಾಗುತ್ತದೆ. ಊಟ, ನಿದ್ದೆ ಕೆಟ್ಟು ಸಾವಿನ ಮಾತು ಬಂದಿರುವಾಗ ಆ ದಾರಿಯನ್ನಷ್ಟೇ ನಂಬಿ ಕೂರಲು ನಾನು ಹೇಳಲಾರೆ. ಉಡುಪಿ, ಮಣಿಪಾಲ ದೂರವಾದರೆ ತಾಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಯಾವ ಯಾವ ವಾರ ಇರುತ್ತದೆ ಎಂದು ವಿಚಾರಿಸಿ.

ಅತ್ತೆ ಹೇಳಿದ ಪ್ರಶ್ನೆಗೆ ನಾನು ಅಡ್ಡ ಬರುವುದಿಲ್ಲ. ಮನೆಯವರಿಗೆ ಸಮಾಧಾನ ಸಿಗುವುದಾದರೆ ಇಡಿಸಲಿ. ಅದು ಮುಗಿಯಲಿ ಆಮೇಲೆ ಡಾಕ್ಟರು ಅನ್ನುವುದು ಬೇಡ. ಮತ್ತೆ, ಅಪ್ಪಯ್ಯನಿಂದಲೇ ಏನೋ ಲೋಪವಾಯಿತು ಎನ್ನುವ ಮಾತು ಅವರ ಕಿವಿಗೆ ಬೀಳದಂತೆ ನೋಡಿಕೊಳ್ಳಿ. ಖಿನ್ನತೆಯಲ್ಲಿರುವವರು ತಮ್ಮನ್ನು ತಾವೇ ದೂರಿಕೊಳ್ಳುತ್ತಿರುತ್ತಾರೆ. ಅದಕ್ಕೆ ಇನ್ನೊಂದು ಸಾಕ್ಷಿ ಕೊಟ್ಟಂತಾಗುತ್ತದೆ.

ನೀವು ಒತ್ತಾಯ ಮಾಡಿದ್ದು ತಪ್ಪಾ? ಉದ್ದೇಶ ಸರಿ, ಪ್ರಮಾಣ ಜಾಸ್ತಿಯಾಯಿತು. ಆ ಸಂಜೆಯನ್ನು ಅವರ ಜಾಗದಲ್ಲಿ ಕೂತು ನೋಡಿ. ವರ್ಷದಿಂದ ಹೊರಗೆ ಬಾರದವರು ಒಮ್ಮೆಲೇ ಇಡೀ ಊರಿನ ಮುಂದೆ ಬಂದರು. ಎಲ್ಲರೂ ತಿರುಗಿ ನೋಡಿದರು. ನಾಲ್ಕು ಜನ ಬಂದು ಕೈ ಹಿಡಿದು 'ಹೇಗಾಯ್ತು' ಎಂದು ಸಾವಿನ ಕಥೆ ಕೇಳಿರುತ್ತಾರೆ. ಅವರ ಜಾಗದಲ್ಲಿ ಬೇರೆ ಯಾರೋ ಮದ್ದಳೆ ಹಿಡಿದು ಕೂತಿದ್ದರು. ಅವತ್ತಿನ ಕಥೆ ಯಾವುದಿತ್ತು ಎಂದು ನೀವು ಬರೆದಿಲ್ಲ. ಅಭಿಮನ್ಯುವಿನ ಸಾವೋ, ಹರಿಶ್ಚಂದ್ರನ ಸ್ಮಶಾನದಲ್ಲಿ ಚಂದ್ರಮತಿ ಬರುವ ಸನ್ನಿವೇಶವೋ ಆಗಿದ್ದರೆ ಆ ಪದ್ಯಗಳನ್ನು ಕೇಳಿ ಎಂಥವರಿಗೂ ಕಣ್ಣು ತುಂಬುತ್ತದೆ. ಅತ್ತದ್ದರಿಂದ ಹಾನಿಯಾಗಲಿಲ್ಲ. ಆದರೆ 'ನನ್ನಿಂದ ಎಡೂದಿಲ್ಲ' (ನನ್ನಿಂದಾಗದು) ಎಂದು ಅವರಿಗೆ ಅವರೇ ತೀರ್ಮಾನ ಕೊಟ್ಟುಕೊಂಡರಲ್ಲ, ಅದನ್ನು ಈಗ ಮೆಲ್ಲಗೆ ಬಿಡಿಸಬೇಕು.

ಇದರ ಹಿಂದೆ ನಮ್ಮ ಊರಿನದ್ದೇ ಒಂದು ಕಾರಣವೂ ಇದೆ. ಸಾವಾದ ಮನೆಯವರು ವರ್ಷಾಂತಿಕದವರೆಗೆ ಹಬ್ಬ, ಉತ್ಸವ, ಯಕ್ಷಗಾನದ ಆಟಕ್ಕೆ ಹೋಗುವುದಿಲ್ಲ. ಈ ಕಟ್ಟಳೆಯಲ್ಲಿ ಒಳ್ಳೆಯದೂ ಇದೆ. ಅಳುವವರನ್ನು ನಗು ಎಂದು ಯಾರೂ ಪೀಡಿಸುವುದಿಲ್ಲ. ಆದರೆ ಒಳಗೆ ಹೋಗುವುದಕ್ಕೆ ಬೊಜ್ಜದ (ಉತ್ತರಕ್ರಿಯೆಯ) ದಿನವಿದ್ದ ಹಾಗೆ ಹೊರಗೆ ಬರುವುದಕ್ಕೆ ಒಂದು ದಿನ ಇಲ್ಲ. ವರ್ಷಾಂತಿಕದ ಊಟ ಮುಗಿಸಿ ಕೈತೊಳೆದು ಎಲ್ಲರೂ ಹೋಗುತ್ತಾರೆ. 'ಇನ್ನು ಬನ್ನಿ ಮಾರಾಯ್ರೇ' ಎಂದು ಯಾರೂ ಬಂದು ಕರೆಯುವುದಿಲ್ಲ. ಸಂಘದವರು 'ಅವರಿಗೆ ಮನಸ್ಸು ಬಂದಾಗ ಬರಲಿ' ಎಂದು ಮರ್ಯಾದೆಗೆ ಸುಮ್ಮನಿರುತ್ತಾರೆ. ಇವರು 'ನನ್ನನ್ನು ಯಾರೂ ಕರೆಯಲಿಲ್ಲ' ಎಂದು ಕೂತಿರುತ್ತಾರೆ. ಮೂವತ್ತು ವರ್ಷ ಮುಂಬಯಿಯಲ್ಲಿದ್ದು ಬಂದವರಿಗೆ ಊರಲ್ಲಿ ಬಾಲ್ಯದ ಗೆಳೆಯರ ಗುಂಪೂ ಕರಗಿರುತ್ತದೆ. ನಿಮ್ಮ ಅಪ್ಪಯ್ಯನಿಗೆ ಊರು ಅಂದರೆ ಒಂದು ಅಮ್ಮ, ಇನ್ನೊಂದು ಆ ಸಂಘ. ಎರಡೂ ಒಂದೇ ಆಸಾಡಿಯಲ್ಲಿ ಹೋದವು.

ಖಿನ್ನತೆಯಲ್ಲಿರುವವರು ಯಾವಾಗಲೂ ಹೇಳುವ ಮಾತು: 'ಮನಸ್ಸು ಬಂದ ಮೇಲೆ ಹೋಗುತ್ತೇನೆ.' ಕೇಳಲು ಸರಿಯಾಗಿದೆ ಅಲ್ವಾ? ತೊಡಕು ಇರುವುದೇ ಅಲ್ಲಿ. ಖಿನ್ನತೆಯಲ್ಲಿ ಮನಸ್ಸು ತಾನಾಗಿ ಬರುವುದಿಲ್ಲ. ಹೊರಗೆ ಹೋಗದೆ ಖುಷಿ ಕೊಡುವ ಸಂಗತಿ ಕಮ್ಮಿಯಾಗುತ್ತದೆ. ಅದು ಕಮ್ಮಿಯಾದಷ್ಟು ಮನಸ್ಸು ಇನ್ನೂ ಮುದುಡುತ್ತದೆ. ಪೀಟರ್ ಲೆವಿನ್ಸನ್ ಎಂಬ ಅಮೆರಿಕದ ಮನೋವಿಜ್ಞಾನಿ 1970ರ ದಶಕದಲ್ಲಿ ಈ ಸುತ್ತನ್ನು ವಿವರಿಸಿದರು. ಅದರಿಂದ ಬೆಳೆದ ಚಿಕಿತ್ಸೆಯಲ್ಲಿ ಮನಸ್ಸಿಗೆ ಕಾಯದೆ ತೀರಾ ಸಣ್ಣ ಕೆಲಸದಿಂದ ಶುರು ಮಾಡುತ್ತಾರೆ. ಮನಸ್ಸು ಹಿಂದಿನಿಂದ ಬರುತ್ತದೆ. 'ತೀರಾ ಸಣ್ಣ' ಎನ್ನುವುದನ್ನು ದಯವಿಟ್ಟು ಅಕ್ಷರಶಃ ತೆಗೆದುಕೊಳ್ಳಿ.

ಹಾಗಾದರೆ ಎಲ್ಲಿಂದ ಶುರು? ಕೂಟದಿಂದ ಖಂಡಿತ ಬೇಡ. ಆ ಕಪಾಟಿನ ಮೇಲಿನಿಂದ. ಒಂದು ಮಳೆಗಾಲ ಪೂರ್ತಿ ಚೀಲದಲ್ಲೇ ಇದ್ದ ಮದ್ದಳೆ ಅದು. ತೇವಕ್ಕೆ ಚರ್ಮದ ಮುಚ್ಚಿಗೆ ಸಡಿಲಾಗಿರುತ್ತದೆ, ಬೂಸು ಹಿಡಿದಿರಬಹುದು. 'ಬಾರಿಸಿ' ಅನ್ನಬೇಡಿ. 'ಅಪ್ಪಯ್ಯ, ಇದು ಹಾಳಾಗುತ್ತಿದೆಯಾ ನೋಡಿ' ಎಂದು ಇಳಿಸಿ ಚಾವಡಿಯಲ್ಲಿಡಿ. ಒರೆಸುವುದು, ಬಿಸಿಲಿಗೆ ತೋರಿಸುವುದು, ಬಾರು ಎಳೆದು ಶ್ರುತಿ ಕೂಡಿಸುವುದು ಇದೆಲ್ಲ ಕೈಗೆ ಗೊತ್ತಿರುವ ಕೆಲಸ. ತಲೆ ಸೋತಾಗಲೂ ಕೈ ನೆನಪಿಟ್ಟುಕೊಂಡಿರುತ್ತದೆ. ಒಂದು ವಾರ ಇಷ್ಟೇ ಆದರೂ ಸಾಕು. ಅವರು ಮುಟ್ಟದಿದ್ದರೆ ಸಿಟ್ಟು ಮಾಡಬೇಡಿ, ಮದ್ದಳೆಯನ್ನು ಮತ್ತೆ ಮೇಲಕ್ಕೂ ಇಡಬೇಡಿ.

ಆಮೇಲೆ ಜನ. ಒಬ್ಬರೇ ಬರಲಿ. ಸಂಘದ ಭಾಗವತರೋ, ಹತ್ತಿರದ ಇನ್ನೊಬ್ಬ ಕಲಾವಿದರೋ ಮನೆಗೆ ಚಾಕ್ಕೆ ಬರಲಿ. ಅವರಿಗೆ ಮೊದಲೇ ಎರಡು ಮಾತು ಹೇಳಿಡಿ: ಅಮ್ಮನ ಸಾವಿನ ವಿವರ ಕೇಳುವುದು ಬೇಡ, ಧೈರ್ಯ ಹೇಳುವುದೂ ಬೇಡ. ಒಂದು ಪದ್ಯ ಹೇಳಿ ತಾಳ ಹಾಕಲಿ. ಅಪ್ಪಯ್ಯನ ಬೆರಳು ಮಂಚದ ಅಂಚಿನ ಮೇಲೆ ಕುಣಿದರೆ ಅವತ್ತಿಗೆ ಅದೇ ದೊಡ್ಡದು.

ಸಂಘಕ್ಕೆ ಮರಳುವುದು ಅದರ ನಂತರ. ಅದೂ ಪ್ರದರ್ಶನಕ್ಕೆ ಬೇಡ, ಅಭ್ಯಾಸದ ದಿನ. ಮುಕ್ಕಾಲು ಗಂಟೆ ಎಂದು ಮೊದಲೇ ಹೇಳಿಕೊಂಡು ಹೋಗಿ, ಚೆನ್ನಾಗಿ ನಡೆಯುತ್ತಿದ್ದರೂ ಮುಕ್ಕಾಲು ಗಂಟೆಗೇ ಎದ್ದು ಬನ್ನಿ. ಜಗಳ, ಚಮತ್ಕಾರ ಇರುವ ಕಥೆಯ ದಿನ ಆರಿಸಿ. ಹನುಮಂತ ಮತ್ತು ಅರ್ಜುನ ವಾದ ಮಾಡುವಂಥದ್ದು ಆದೀತು. ಆ ಮಾತಿನ ಮೊನೆಗೆ ಮುಖ ತಾನಾಗಿ ಅರಳುತ್ತದೆ.

ಮದ್ದಳೆಯೇ ಅಮ್ಮನ ನೆನಪನ್ನು ತರುತ್ತದೆ, ಬೇಡವೇ ಬೇಡ ಅಂದರೆ ಭಜನೆ ಇದೆ. ಹಾಡುವುದಕ್ಕೆ ಒಂದು ವಿಶೇಷ ಗುಣ ಇದೆ. 2015ರಲ್ಲಿ ಆಕ್ಸ್‌ಫರ್ಡಿನವರು ಹಾಡಿನ ತರಗತಿ, ಕರಕುಶಲ ತರಗತಿ, ಬರವಣಿಗೆ ತರಗತಿಗಳಿಗೆ ಹೊಸದಾಗಿ ಸೇರಿದವರನ್ನು ಏಳು ತಿಂಗಳು ಹಿಂಬಾಲಿಸಿ ನೋಡಿದ್ದರು. ಕೊನೆಗೆ ಮೂರೂ ಕಡೆ ಜನ ಹತ್ತಿರವಾಗಿದ್ದರು, ಆದರೆ ಹಾಡುವವರು ಬಹಳ ಬೇಗ ಹತ್ತಿರವಾದರು. ಭಜನೆಯಲ್ಲಿ ಮಾತಾಡಬೇಕಾಗಿಲ್ಲ, ಸ್ವರ ಕೆಟ್ಟರೂ ಯಾರೂ ತಿರುಗಿ ನೋಡುವುದಿಲ್ಲ. ಹಿಂದಿನ ಸಾಲಲ್ಲಿ ಕೂತು ಸುಮ್ನೆ ತಾಳ ಕುಟ್ಟಿದರೂ ನೀವು ಆ ಗುಂಪಿನವರೇ. ಮದ್ದಳೆಯಲ್ಲಿ ಈ ಮರೆ ಇಲ್ಲ, ತಪ್ಪಿದರೆ ಎಲ್ಲರಿಗೂ ಕೇಳುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಭರವಸೆ ಇರುವುದು ಮಕ್ಕಳ ಮೇಲೆ. ಉಡುಪಿಯಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಮೂಲಕ ಎಷ್ಟೋ ಪ್ರೌಢಶಾಲೆಗಳಲ್ಲಿ ಮಕ್ಕಳು ಯಕ್ಷಗಾನ ಕಲಿಯುತ್ತಿದ್ದಾರೆ. ನಿಮ್ಮ ಊರಲ್ಲೂ ಮದ್ದಳೆ ಕಲಿಯಬೇಕು ಅನ್ನುವ ಒಬ್ಬ ಹುಡುಗನೋ ಹುಡುಗಿಯೋ ಇದ್ದೇ ಇರುತ್ತಾರೆ. ಏಕತಾಳದ ಮೊದಲ ಪಾಠ ಹೇಳಿಕೊಡಲು ಅಪ್ಪಯ್ಯ ಸಂತೋಷವಾಗಿರಬೇಕಾಗಿಲ್ಲ. ಬುಧವಾರ ಸಂಜೆ ಐದಕ್ಕೆ ಮಗು ಬಂದು ಜಗುಲಿಯಲ್ಲಿ ಕಾಯುತ್ತದೆ, ಅಷ್ಟಕ್ಕಾದರೂ ಅಂಗಿ ಹಾಕಿಕೊಂಡು ಹೊರಗೆ ಬರಬೇಕು. 'ನಾನಿದ್ದು ಯಾರಿಗೆ ಏನು' ಅನ್ನುವವರಿಗೆ ನಾವು ಏನು ಹೇಳಿದರೂ ನಾಟುವುದಿಲ್ಲ. ಕಾಯುತ್ತಾ ಕೂತ ಮಗು ನಾಟುತ್ತದೆ.

ಅಪಾಯಗಳನ್ನೂ ಹೇಳಬೇಕು. ರಾತ್ರಿಯಿಡೀ ನಡೆಯುವ ಆಟಕ್ಕೆ ಈ ಸೀಸನ್‌ನಲ್ಲಿ ಬೇಡ. ನಿದ್ದೆ ಕೆಟ್ಟಿರುವವರಿಗೆ ಇನ್ನಷ್ಟು ಕೆಡುತ್ತದೆ. ಕಾಲಮಿತಿಯ ಆಟ ಇದ್ದರೆ ಸರಿ, ಹತ್ತೂವರೆಗೆ ಮನೆಗೆ ಬನ್ನಿ. ಮನೆಯಲ್ಲಿ ಯಾರಿಗಾದರೂ ಬೈಪೋಲಾರ್ ಕಾಯಿಲೆ (ಮನಸ್ಸು ಒಮ್ಮೆ ಅತಿಯಾಗಿ ಏರಿ, ಒಮ್ಮೆ ಕುಸಿಯುವುದು) ಇದ್ದರೆ ಈ ಮಾತು ಇನ್ನೂ ಮುಖ್ಯ. ಗುರುತು ಸಿಗದಂತೆ ಒಂದು ಘಟನೆ ಹೇಳುತ್ತೇನೆ. ವೇಷ ಮಾಡುತ್ತಿದ್ದ ಹುಡುಗನೊಬ್ಬ ಗುಣವಾಗಿದ್ದೇನೆಂದು ಮಾತ್ರೆ ಬಿಟ್ಟು ಮೂರು ರಾತ್ರಿ ಸತತವಾಗಿ ಕುಣಿದ. ನಾಲ್ಕನೆಯ ದಿನ ಮಾತು ನಿಲ್ಲಲಿಲ್ಲ, ಸಾಲ ಮಾಡಿ ಕಂಡಕಂಡವರಿಗೆ ದುಡ್ಡು ಹಂಚಿದ. ಅವನ ಕಲೆಯ ತಪ್ಪೇನೂ ಇರಲಿಲ್ಲ, ನಿದ್ದೆ ಕೆಟ್ಟದ್ದು ಮತ್ತು ಮಾತ್ರೆ ಬಿಟ್ಟದ್ದು ಸೇರಿ ಹಾಗಾಯಿತು. ಈಗ ಅವನು ಸಂಜೆಯ ಆಟಗಳಲ್ಲಿ ಮಾತ್ರ ಗೆಜ್ಜೆ ಕಟ್ಟುತ್ತಾನೆ, ಚೆನ್ನಾಗಿದ್ದಾನೆ. ಇನ್ನೊಂದು, ಕಾರ್ಯಕ್ರಮ ಮುಗಿದ ಮೇಲೆ ಗೆಳೆಯರ ಜೊತೆ ಕುಡಿಯುವ ರೂಢಿ ಕೆಲವು ಕಡೆ ಇದೆ. ಖಿನ್ನತೆಗೆ ಮದ್ಯ ವಿಷವೇ. ಅಪ್ಪಯ್ಯನಿಗೆ ಆ ಅಭ್ಯಾಸ ಇದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ.

ಬೆಂಗಳೂರಿಗೆ ಕರೆದುಕೊಂಡು ಹೋಗಿ ಸಂಗೀತ ಚಿಕಿತ್ಸೆ ಕೊಡಿಸಬೇಕಾ ಅಂದರೆ, ಈಗ ಬೇಡ. ತರಬೇತಾದ ಚಿಕಿತ್ಸಕರ ಕೆಲಸ ಬೇರೆಯೇ. ಮಾತಿನಲ್ಲಿ ಹೇಳಲಾಗದ ಆಘಾತ ಇರುವವರಿಗೆ, ಪಾರ್ಶ್ವವಾಯುವಿನಿಂದ ಮಾತು ಹೋದವರಿಗೆ ಅವರು ತುಂಬಾ ಸಹಾಯ ಮಾಡುತ್ತಾರೆ. ಯಾರ ಹತ್ತಿರ ಹೋದರೂ ಎಲ್ಲಿ ಕಲಿತದ್ದು ಎಂದು ಕೇಳಿ. ಮಾತ್ರೆ ನಿಲ್ಲಿಸಿ ಅಂದರೆ ಎದ್ದು ಬನ್ನಿ.

ನಿಮ್ಮ ಬಗ್ಗೆಯೂ ಒಂದು ಮಾತು. ನೀವೂ ಅಮ್ಮನನ್ನು ಕಳೆದುಕೊಂಡಿದ್ದೀರಿ. ಪತ್ರದಲ್ಲಿ ಅದಕ್ಕೆ ಒಂದೇ ಸಾಲು ಇದೆ. ವಾರವಿಡೀ ಬ್ಯಾಂಕು, ರಜೆಯ ದಿನ ಅಪ್ಪಯ್ಯ ಎಂದು ಓಡಾಡಿ ನೀವೇ ಬಿದ್ದರೆ ಕಷ್ಟ. ಚಿಕ್ಕಪ್ಪನಿಗೆ ಕೆಲಸ ಒಪ್ಪಿಸಿ. ಅಣ್ಣನ ಮೇಲೆ ಅವರಿಗೆ ಪ್ರೀತಿ ಇರುವುದರಿಂದಲೇ ಅಷ್ಟು ಗಟ್ಟಿಯಾಗಿ ಮಾತಾಡುತ್ತಾರೆ. ದಿನಾ ರಾತ್ರಿ ಊಟದ ಮೇಲೆ ಮಾತ್ರೆ ಕೊಟ್ಟು, ಹತ್ತು ನಿಮಿಷ ಪಕ್ಕದಲ್ಲಿ ಕೂತು ಹೋಗುವ ಕೆಲಸ ಅವರದ್ದಾಗಲಿ.

ಈ ವಾರ ಮೂರೇ ಕೆಲಸ. ನೇರವಾಗಿ ಆ ಪ್ರಶ್ನೆ ಕೇಳುವುದು, ಡಾಕ್ಟರ ಹತ್ತಿರ ದಿನ ಗೊತ್ತು ಮಾಡಿ ಕಿವಿಯ ಪರೀಕ್ಷೆಯನ್ನೂ ಸೇರಿಸುವುದು, ಭಾನುವಾರ ಮದ್ದಳೆ ಇಳಿಸುವುದು. ಬಾರು ಎಳೆಯಲು ಕೈ ಸೋತರೆ ಅವರು ನಿಮ್ಮನ್ನು ಕರೆಯಬಹುದು. ಕರೆದರೆ ಹೋಗಿ ಇನ್ನೊಂದು ತುದಿ ಹಿಡಿದುಕೊಳ್ಳಿ.